ಮನೆಯ ವಿದ್ಯುತ್ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಮತ್ತು ಭೂಸಂಪರ್ಕ

“ಪರಿವರ್ತಕದ ಬಳಿ ನ್ಯೂಟ್ರಲನ್ನು ಭೂಮಿಗೆ ಕೂಡಿಸಿರುತ್ತಾರೆ, ನಮ್ಮ ಮನೆಯ ಅರ್ಥಿಂಗ್ ತಂತಿಯೂ ಭೂಮಿಗೇ ಸೇರುತ್ತದೆ. ಹಾಗಾದರೆ ಪೆಟ್ಟಿಗೆಯಲ್ಲಿಯೇ ಎರಡನ್ನೂ ಒಂದು ತುಂಡು ತಂತಿಯಿಂದ ಬೆಸೆದರೆ ಏನು ಕೆಟ್ಟೀತು, ಸರ್?” ವಾಡಿಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯಿದು. ಪ್ರಶ್ನೆ ಸರಳವಾಗಿ ತೋರುವುದಾದರೂ ಅದರಲ್ಲಿ ಮನೆಮಂದಿಯ ಪ್ರಾಣದ ಮಾತಡಗಿದೆ.

ನ್ಯೂಟ್ರಲ್ ದುಡಿಯುವ ತಂತಿ. ಫೇಸ್ ತಂತಿಯಲ್ಲಿ ಬಂದ ಪ್ರವಾಹವು ದೀಪವನ್ನೋ ಫ್ಯಾನನ್ನೋ ಹಾದು ಇದರ ಮೂಲಕವೇ ಪರಿವರ್ತಕಕ್ಕೆ ಮರಳುತ್ತದೆ. ಭೂತಂತಿಯಲ್ಲಾದರೋ ಸಾಮಾನ್ಯ ಕಾಲದಲ್ಲಿ ಪ್ರವಾಹವೇ ಇರಕೂಡದು. ಉಪಕರಣಗಳ ಲೋಹದ ಹೊದಿಕೆಗೆ ಅದನ್ನು ಕಟ್ಟಿರುವುದು, ಫೇಸ್ ತಂತಿ ಎಂದಾದರೂ ಹೊದಿಕೆಗೆ ತಗುಲಿದರೆ ದಾರಿ ಕೊಡುವುದಕ್ಕಾಗಿ.

ಆ ದಾರಿ ಎಷ್ಟು ಸುಗಮವೆಂಬುದು ನೆಲವನ್ನು ಅವಲಂಬಿಸಿದೆ. ಸೇಡಂ, ಚಿತ್ತಾಪುರಗಳ ಎರೆಮಣ್ಣು ತೇವವಿರುವಾಗ ಒಳ್ಳೆಯ ವಾಹಕ. ಶಹಾಬಾದ್, ವಾಡಿಗಳಲ್ಲಿ ಅನೇಕ ಕಡೆ ಸ್ವಲ್ಪ ಅಗೆದೊಡನೆ ಫರ್ಸಿ ಕಲ್ಲಿನ ಪದರಗಳೇ ಎದುರಾಗುತ್ತವೆ. ಚಿಂಚೋಳಿಯ ಎತ್ತರದ ಭಾಗಗಳಲ್ಲಿ ಜಂಬಿಟ್ಟಿಗೆ. ಎರಡೂವರೆ ಮೀಟರ್ ಉದ್ದ, 40 ಮಿಲಿಮೀಟರ್ ವ್ಯಾಸದ ಕೊಳವೆಯನ್ನು ಹೂತರೆ ಅದರ ರೋಧವು, ಓಮ್‌ಗಳಲ್ಲಿ, ನೆಲದ ಓಮ್-ಮೀಟರ್ ರೋಧತೆಯ ಸುಮಾರು ಮೂರನೆಯ ಒಂದು ಪಾಲು. ಹಸಿ ಎರೆಮಣ್ಣಿಗೆ 15 ಎಂದು ಹಿಡಿದರೆ ರೋಧ 5 ಓಮ್. ಒಣ ಸುಣ್ಣಕಲ್ಲಿಗೆ 600 ಎಂದು ಹಿಡಿದರೆ 200 ಓಮ್!

ಈ ಎರಡನೆಯ ಮನೆಯಲ್ಲಿ ಗ್ರೈಂಡರಿನ ಹೊದಿಕೆಗೆ ಫೇಸ್ ತಗುಲಿತೆನ್ನಿ. ಪರಿವರ್ತಕದ ಭೂಸಂಪರ್ಕಕ್ಕೆ 5 ಓಮ್ ಕೂಡಿಸಿದರೆ ಪ್ರವಾಹವು 230/205, ಅಂದರೆ 1.1 ಆಂಪಿಯರ್. ಹದಿನಾರು ಆಂಪಿಯರಿನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. ಹೊದಿಕೆಯ ಮೇಲೆ ಮಾತ್ರ 224 ವೋಲ್ಟ್ ನಿಂತಿರುತ್ತದೆ. ಬಲ್ಬು ಹಚ್ಚಿ ನೋಡಿ “ಉರಿಯಿತು, ಅರ್ಥಿಂಗ್ ಚೆನ್ನಾಗಿದೆ” ಎನ್ನುವ ರೂಢಿಯುಂಟು. ನಲವತ್ತು ವಾಟ್ ಬಲ್ಬಿನ ಸ್ವಂತ ರೋಧವೇ 1300 ಓಮಿನಷ್ಟು. ಇನ್ನೂರು ಹೆಚ್ಚಾದರೆ ಅದು ಹೇಳಿಕೊಳ್ಳುವಷ್ಟು ಮಂಕಾಗುವುದಿಲ್ಲ. ಆ ಪರೀಕ್ಷೆ ಅಪಾಯಕಾರಿಯೂ ಹೌದು, ನಿಷ್ಪ್ರಯೋಜಕವೂ ಹೌದು.

ಈಗ ನ್ಯೂಟ್ರಲನ್ನು ಭೂತಂತಿಗೆ ಬೆಸೆಯೋಣ. ದೋಷದ ಪ್ರವಾಹ ಲೋಹದ ತಂತಿಯಲ್ಲೇ ಮರಳುವುದರಿಂದ ಎಂಸಿಬಿ ಥಟ್ಟನೆ ಬೀಳುತ್ತದೆ. ಉಪಾಯ ಗೆದ್ದಂತೆಯೇ ಕಾಣುತ್ತದೆ. ಆದರೆ ಗಾಳಿಗೆ ಕಂಬದ ಮೇಲಿನ ನ್ಯೂಟ್ರಲ್ ಕಳಚಿತೆಂದು ಭಾವಿಸಿರಿ. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ ಚಾಲೂ ಇದ್ದರೆ, ಅದರ 53 ಓಮ್ ಸುರುಳಿಯನ್ನು ಹಾದು ಬಂದ ಪ್ರವಾಹಕ್ಕೆ ಹಿಂದಿರುಗಲು ಉಳಿದ ದಾರಿ ಆ ಬೆಸುಗೆಯೊಂದೇ. ಪ್ರವಾಹ 0.9 ಆಂಪಿಯರಿಗೂ ಕಡಮೆ. ಭೂತಂತಿಯ ಮೇಲೆ 178 ವೋಲ್ಟ್. ಫ್ರಿಜ್ಜು, ಗೀಸರು, ಗ್ರೈಂಡರು ಯಾವುದರಲ್ಲಿಯೂ ದೋಷವಿಲ್ಲ. ಆದರೂ ಎಲ್ಲವೂ ಏಕಕಾಲಕ್ಕೆ ಹೊಡೆಯುತ್ತವೆ! ಅಮೆರಿಕದಲ್ಲಿ ಮುಖ್ಯ ಪೆಟ್ಟಿಗೆಯ ಒಂದೆಡೆ ಎರಡನ್ನೂ ಕೂಡಿಸುವ ಪದ್ಧತಿ ಇದೆಯೆಂಬುದು ನಿಜ. ಅಲ್ಲಿ ವಿತರಣ ಮಾರ್ಗದ ನ್ಯೂಟ್ರಲನ್ನು ಹಲವೆಡೆ ಭೂಮಿಗೆ ಕಟ್ಟಿರುತ್ತಾರೆ. ಆ ಏರ್ಪಾಡಿಲ್ಲದೆ ಬೆಸುಗೆಯನ್ನಷ್ಟೇ ಅನುಕರಿಸುವುದು ಅವಿವೇಕ.

ಕಲ್ಲುನೆಲಕ್ಕೆ ತಕ್ಕ ಉಪಾಯ ಆರ್‌ಸಿಸಿಬಿ. ಫೇಸ್, ನ್ಯೂಟ್ರಲ್ ಎರಡೂ ಅದರೊಳಗಿನ ಒಂದೇ ಕಾಂತೀಯ ಉಂಗುರವನ್ನು ಹಾದುಹೋಗುತ್ತವೆ. ಹೋದಷ್ಟೇ ಪ್ರವಾಹ ಮರಳಿದರೆ ಎರಡರ ಕಾಂತಕ್ಷೇತ್ರಗಳು ಪರಸ್ಪರ ಅಳಿಸಿಹೋಗುತ್ತವೆ. ಸೋರಿಕೆ 30 ಮಿಲಿಆಂಪಿಯರ್ ಮುಟ್ಟುವ ವೇಳೆಗೆ ಸಾಧನವು ಮಂಡಲವನ್ನು ಕಡಿಯುತ್ತದೆ. ಇನ್ನೂರು ಓಮಿನ ಗುಂಡಿಯಲ್ಲಿಯೂ ಅಷ್ಟು ಸೋರಿಕೆಗೆ ಹೊದಿಕೆಯ ಮೇಲೇರುವುದು 6 ವೋಲ್ಟ್ ಮಾತ್ರ. ಇದರ ಮುಂದೆ ಎಲ್ಲಿಯಾದರೂ ನ್ಯೂಟ್ರಲ್ ಭೂತಂತಿಗೆ ತಗುಲಿದ್ದರೆ ಮರಳುವ ಪ್ರವಾಹ ಹಂಚಿಹೋಗಿ ಸಾಧನವು ಪದೇ ಪದೇ ಬೀಳುವುದು. ಆಗ ಬೇಸತ್ತು ಸಾಧನವನ್ನೇ ಕಿತ್ತುಹಾಕುವವರನ್ನು ನಾನು ಕಂಡಿದ್ದೇನೆ. ಹುಡುಕಬೇಕಾದದ್ದು ಆ ತಗುಲಿದ ಜಾಗವನ್ನು. ಹುಡುಕಬೇಕಾದವನು ಪರವಾನಗಿ ಪಡೆದ ವೈರ್‌ಮನ್. ಮನೆಯವರು ಮಾಡಬಹುದಾದದ್ದು ತಿಂಗಳಿಗೊಮ್ಮೆ ಪರೀಕ್ಷೆಯ ಗುಂಡಿಯನ್ನು ಒತ್ತಿ ಸಾಧನ ಬೀಳುವುದೇ ಎಂದು ನೋಡುವುದು, ಮತ್ತು ಬೇಸಗೆಯಲ್ಲಿ ಅರ್ಥಿಂಗ್ ಕೊಳವೆಗೆ ಆಗಾಗ ಒಂದೆರಡು ಬಕೆಟ್ ನೀರು ಹೊಯ್ಯುವುದು.