ಬಟ್ಟೆಗೊಂದು ಆಯಸ್ಸು, ದಾರಕ್ಕೊಂದು ಆಯಸ್ಸು

2023ರ ಸೆಪ್ಟೆಂಬರಿನ ಒಂದು ಭಾನುವಾರ ಸಂಜೆ ಅಮೆರಿಕದ ಚೆಸಪೀಕ್ ಕೊಲ್ಲಿಯಿಂದ ಅನಾಪೊಲಿಸ್ ಕಡೆಗೆ ವಾಪಸು ಬರುತ್ತಿದ್ದೆವು. ಎಡಗಡೆ ಥಾಮಸ್ ಪಾಯಿಂಟ್ ದೀಪಸ್ತಂಭ ಕಾಣುತ್ತಿತ್ತು, 1875ರಲ್ಲಿ ನೀರಿನ ನಡುವೆ ಕಂಬಗಳ ಮೇಲೆ ಕಟ್ಟಿದ ಆರು ಮೂಲೆಯ ಮರದ ಮನೆ. ಚುಕ್ಕಾಣಿ ನನ್ನ ಕೈಯಲ್ಲಿತ್ತು. ಸೂರ್ಯ ಎದುರಿಗೇ ಇಳಿಯುತ್ತಿದ್ದ. ದೋಣಿಯ ಮುಂದಿನ ಪ್ಲಾಸ್ಟಿಕ್ ಕಿಟಕಿಗೆ ಬಿಸಿಲು ಬಿದ್ದ ಕ್ಷಣ ಅದು ಮಜ್ಜಿಗೆ ಎರಚಿದ ಹಾಗೆ ಬೆಳ್ಳಗಾಯಿತು. ಏನೂ ಕಾಣಲಿಲ್ಲ. ಪಕ್ಕದಿಂದ ತಲೆ ಹೊರಗೆ ಹಾಕಿ ನಿಂತಿದ್ದ ನನ್ನ ಗಂಡ "ಬಲಕ್ಕೆ, ಬಲಕ್ಕೆ!" ಅಂತ ಕೂಗಿದರು. ತಿರುಗಿಸಿದೆ. ಏಡಿ ಹಿಡಿಯುವ ಬೋನಿನ ಬೆಂಡು ಒಂದು ತೋಳಿನ ಅಂತರದಲ್ಲಿ ಹಿಂದಕ್ಕೆ ಹೋಯಿತು.

ಆ ಬೆಂಡಿನ ಕೆಳಗೆ ಹಗ್ಗ ಇರುತ್ತದೆ. ಹಗ್ಗ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ಎಂಜಿನ್ ನಿಲ್ಲುತ್ತದೆ, ಆಮೇಲೆ ಯಾರಾದರೂ ಚಾಕು ಹಿಡಿದು ನೀರಿಗಿಳಿಯಬೇಕು. ಏಡಿ ಬೋನುಗಳೇ ತುಂಬಿದ ಕೊಲ್ಲಿ ಇದು. ಅಲ್ಲಿ ಕಿಟಕಿ ಮಬ್ಬಾಗುವುದು ಅಂದಚೆಂದದ ಪ್ರಶ್ನೆಯಲ್ಲ. ಅವತ್ತು ರಾತ್ರಿಯೇ ನಿರ್ಧಾರ ಮಾಡಿದೆವು, ಎಷ್ಟಾದರೂ ಆಗಲಿ, ಕಿಟಕಿ ಬದಲಾಯಿಸಲೇಬೇಕು.

"ಎಷ್ಟಾದರೂ ಆಗಲಿ" ಅನ್ನುವ ಆ ಮಾತು ನಮಗೆ ಎಷ್ಟಕ್ಕೆ ಬೀಳಲಿತ್ತು ಅನ್ನುವುದೇ ಈ ವಾರದ ಲೆಕ್ಕ.

ನಮ್ಮದು ಮೂವತ್ತು ಅಡಿಯ ಹಳೆಯ ಮೋಟರ್ ದೋಣಿ, 2022ರ ವಸಂತದಲ್ಲಿ ಕೊಂಡದ್ದು. ಚುಕ್ಕಾಣಿ ಹಿಡಿಯುವ ಜಾಗಕ್ಕೆ ಗಟ್ಟಿ ಗೋಡೆಯಿಲ್ಲ. ಸ್ಟೀಲ್ ಕೊಳವೆಗಳ ಚೌಕಟ್ಟು, ಅದರ ಮೇಲೆ ಕ್ಯಾನ್ವಾಸ್ ಚಾವಣಿ, ಸುತ್ತ ಜಿಪ್ ಹಾಕಿ ಮುಚ್ಚುವ ಪರದೆಗಳು. ಮುಂದೆ ಮೂರು, ಎರಡೂ ಪಕ್ಕಕ್ಕೆ ಎರಡೆರಡು, ಒಟ್ಟು ಏಳು ಪರದೆಗಳಲ್ಲಿ ಪಾರದರ್ಶಕ ವಿನೈಲ್ ಕಿಟಕಿ. ಮರೀನಾದಲ್ಲಿ ಹಳಬರು ಇದನ್ನು ಈಗಲೂ ಐಸಿಂಗ್ಲಾಸ್ ಅನ್ನುತ್ತಾರೆ. ಮೂಲದಲ್ಲಿ ಅದು ಮೀನಿನ ಗಾಳಿಚೀಲದಿಂದ ತೆಗೆಯುವ ಅಂಟಿನ ಹೆಸರು. ಆಮೇಲೆ ತೆಳ್ಳಗೆ ಪದರ ಬಿಡಿಸಿದ ಅಭ್ರಕಕ್ಕೂ ಅದೇ ಹೆಸರು ಬಂತು. ನಾವು ಚಿಕ್ಕವರಿದ್ದಾಗ ಗುಡ್ಡದಲ್ಲಿ ಹೆಕ್ಕುತ್ತಿದ್ದ ಕಾಗೆಬಂಗಾರವೇ ಅದು. ಈಗ ಹೆಸರು ಮಾತ್ರ ಉಳಿದಿದೆ, ವಸ್ತು ಪೂರ್ತಿ ಪ್ಲಾಸ್ಟಿಕ್.

ಮೊದಲು ಕೇಳಿದ ಅಂಗಡಿಯವರು ದೋಣಿ ನೋಡಿ, ಅಳತೆ ಹಿಡಿದು, 8,400 ಡಾಲರ್ ಹೇಳಿದರು. ಬಟ್ಟೆ, ಕಿಟಕಿ, ಜಿಪ್, ಎಲ್ಲವೂ ಹೊಸದು. "ಹಳೆಯದಕ್ಕೆ ದುಡ್ಡು ಹಾಕಬೇಡಿ, ಒಂದೇ ಸಲ ಮುಗಿಸಿಬಿಡಿ" ಅಂದರು. ನಮಗೂ ಅದೇ ಬೇಕಿತ್ತು, ಒಂದೇ ಸಲ ಮುಗಿಯುವುದು. ಅಷ್ಟು ದುಡ್ಡು ಕೈಯಲ್ಲಿರಲಿಲ್ಲ, ಕ್ರೆಡಿಟ್ ಕಾರ್ಡಿಗೆ ಹಾಕೋಣ ಅಂದುಕೊಂಡೆವು. ಕಾರ್ಡಿನ ಬಡ್ಡಿ ವರ್ಷಕ್ಕೆ ಶೇಕಡಾ 22.

ಸಾಗರ ಪಟ್ಟಣದಲ್ಲಿರುವ ಅಮ್ಮನಿಗೆ ಭಾನುವಾರದ ವಿಡಿಯೋ ಕರೆಯಲ್ಲಿ ಇದನ್ನು ಹೇಳಿದೆ. ಅಮ್ಮ ಮೂವತ್ತೆಂಟು ವರ್ಷ ಉಷಾ ಮಿಷನ್ನಿನ ಮುಂದೆ ಕೂತು ಊರಿನವರ ರವಿಕೆ, ಮಕ್ಕಳ ಯೂನಿಫಾರಂ ಹೊಲಿದು ನಮ್ಮನ್ನು ಓದಿಸಿದವಳು. ಏಳು ಲಕ್ಷ ರೂಪಾಯಿ ಅಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಬಟ್ಟೆ ಹರ್ದಿದ್ಯೇನೇ?" ಅಂತ ಕೇಳಿದಳು.

"ಹರ್ದಿಲ್ಲಮ್ಮ, ಆದ್ರೆ ಎಲ್ಲಾ ಕಡೆ ಬಿಟ್ಕೊಂಡಿದೆ."

"ಹರ್ದಿರೋದು ಬೇರೆ, ಬಿಟ್ಕೊಂಡಿರೋದು ಬೇರೆ. ಹೊಲಿಗೆಗೆ ಉಗುರು ಹಾಕಿ ಎಳೆದು ನೋಡು. ದಾರ ಪುಡಿಯಾದ್ರೆ ದಾರ ಹೋಗಿದೆ. ಆಮೇಲೆ ಸೂಜಿ ತೂತಿನ ಹತ್ರ ಬಟ್ಟೆನ ಎರಡೂ ಕೈಲಿ ಹಿಡಿದು ಜಗ್ಗು. ಅಲ್ಲಿ ಹರಿದ್ರೆ ಬಟ್ಟೆ ಹೋಗಿದೆ ಅಂತ."

ಮುಂದಿನ ಶನಿವಾರ ಹೋಗಿ ಹಾಗೇ ಮಾಡಿದೆ. ಚಾವಣಿಯ ಹೊಲಿಗೆಗೆ ಉಗುರು ತಾಗಿಸಿದ್ದೇ ತಡ, ದಾರ ಒಣಗಿದ ಬಾಳೆನಾರಿನಂತೆ ತುಂಡುತುಂಡಾಗಿ ಬಂತು. ಬಟ್ಟೆಯನ್ನು ಮೈಯೆಲ್ಲಾ ಬಲ ಹಾಕಿ ಜಗ್ಗಿದೆ. ಜಪ್ಪಯ್ಯ ಅನ್ನಲಿಲ್ಲ.

ಆ ಎರಡು ನಿಮಿಷದ ಪರೀಕ್ಷೆಯಾದ ಮೇಲೆ ನಾನು ಈ ಹೊದಿಕೆಯನ್ನು ಒಂದು ವಸ್ತು ಅಂತ ನೋಡುವುದನ್ನು ಬಿಟ್ಟೆ. ಇದು ನಾಲ್ಕು ವಸ್ತುಗಳ ಕೂಡುಕುಟುಂಬ, ಒಬ್ಬೊಬ್ಬರಿಗೂ ಒಂದೊಂದು ಆಯಸ್ಸು. ದೋಣಿಗಳ ಮೇಲೆ ಹೆಚ್ಚಾಗಿ ಹಾಕುವ ಸನ್‌ಬ್ರೆಲಾ ಬಟ್ಟೆ ಅಕ್ರಿಲಿಕ್ಕಿನದು, ನಾರ್ತ್ ಕೆರೊಲೈನಾದ ಗ್ಲೆನ್ ರೇವನ್ ಗಿರಣಿಯವರು 1961ರಿಂದ ನೇಯುತ್ತಿರುವುದು. ಎಳೆ ತೆಗೆಯುವ ಮೊದಲೇ ಬಣ್ಣ ಒಳಗೆ ಸೇರಿಸಿರುತ್ತಾರೆ. ಬೀಟ್‌ರೂಟನ್ನು ಎಲ್ಲಿ ಕತ್ತರಿಸಿದರೂ ಕೆಂಪೇ ಇರುವ ಹಾಗೆ ಇದರ ಬಣ್ಣ ಎಳೆಯ ನಡುವಿನವರೆಗೂ ಇರುತ್ತದೆ, ಬಿಸಿಲಿಗೆ ಬೇಗ ಹೋಗುವುದಿಲ್ಲ. ಹತ್ತು ವರ್ಷ ನೆಮ್ಮದಿಯಾಗಿ ಬಾಳುತ್ತದೆ, ಚಳಿಗಾಲದಲ್ಲಿ ತೆಗೆದಿಟ್ಟರೆ ಇನ್ನೂ ಹೆಚ್ಚು. ಆದರೆ ಅದನ್ನು ಹೊಲಿಯುವ ಮಾಮೂಲಿ ಪಾಲಿಯೆಸ್ಟರ್ ದಾರ ಬಿಸಿಲಲ್ಲಿ ಐದಾರು ವರ್ಷಕ್ಕೇ ಕೊಳೆಯುತ್ತದೆ. ಕಿಟಕಿಯ ವಿನೈಲಿನದು ಇನ್ನೊಂದು ಕಥೆ. ಅದನ್ನು ಮೆತ್ತಗಿಡಲು ಬೆರೆಸಿದ ರಾಸಾಯನಿಕ ವರ್ಷವರ್ಷಕ್ಕೂ ಹೊರಗೆ ಹೋಗುತ್ತಾ, ಹಾಳೆ ಗಡುಸಾಗಿ, ಹಳದಿಯಾಗಿ, ಕುಗ್ಗುತ್ತದೆ. ಜಿಪ್ಪಿನ ಹಲ್ಲು ಗಟ್ಟಿ, ಅದರ ಎರಡೂ ಬದಿಯ ಪಟ್ಟಿ ಮೊದಲು ಸೋಲುತ್ತದೆ.

ಹಿಂದಿನ ಮಾಲೀಕರು ಕೊಟ್ಟ ಕಡತದಲ್ಲಿ ರಸೀದಿ ಹುಡುಕಿದೆ. ಬಟ್ಟೆ ಹಾಕಿಸಿದ್ದು 2016ರಲ್ಲಿ. ಅಂದರೆ ಏಳು ವರ್ಷ ಹಳೆಯದು, ಇನ್ನೂ ಐದು ವರ್ಷ ಬಾಳುವ ಬಟ್ಟೆ. ಅದನ್ನು ಕಿತ್ತು ಬಿಸಾಡಲು ನಾವು ಸಾಲ ಮಾಡಲು ಹೊರಟಿದ್ದೆವು.

8,400 ಡಾಲರಿನ ಅಂದಾಜು ಚೀಟಿಯನ್ನು ಮತ್ತೆ ತೆಗೆದು ಓದಿದೆ. ದಾರ ಯಾವುದು ಅಂತ ಬರೆದಿರಲಿಲ್ಲ. ಫೋನ್ ಮಾಡಿ ಕೇಳಿದೆ, ಪಾಲಿಯೆಸ್ಟರ್ ಅಂದರು. ಅಂದರೆ ಒಂದೇ ಸಲ ಮುಗಿಯುವ ಮಾತೇ ಸುಳ್ಳು. ಐದಾರು ವರ್ಷಕ್ಕೆ ಮತ್ತೆ ಹೊಲಿಗೆ, ಏಳನೇ ವರ್ಷದ ಹೊತ್ತಿಗೆ ಮತ್ತೆ ಕಿಟಕಿ. ಆ ಎರಡನೇ ಬಿಲ್ಲು ಮೂರು ಸಾವಿರ ಅಂತಿಟ್ಟುಕೊಂಡರೂ ಹತ್ತು ವರ್ಷಕ್ಕೆ 11,400, ವರ್ಷಕ್ಕೆ 1,140 ಡಾಲರ್, ಕಾರ್ಡಿನ ಬಡ್ಡಿ ಬಿಟ್ಟು.

ಊರಿನ ಹೊರಗೆ ಒಂದು ಸಣ್ಣ ಶೆಡ್ಡಿನಲ್ಲಿ ಒಬ್ಬ ಮಹಿಳೆ ಒಬ್ಬರೇ ಹಾಯಿ, ಕ್ಯಾನ್ವಾಸ್ ಹೊಲಿಯುತ್ತಾರೆ ಅಂತ ಪಕ್ಕದ ದೋಣಿಯವರು ಹೇಳಿದರು. ಪರದೆಗಳನ್ನೆಲ್ಲ ಬಿಚ್ಚಿ ಕಾರಿನಲ್ಲಿ ಹಾಕಿಕೊಂಡು ಹೋದೆವು. ಅವರು ದೋಣಿಯ ಹತ್ತಿರ ಬರಬೇಕಾಗಿರಲಿಲ್ಲ, ಹೊಸದಾಗಿ ಅಳತೆ ಹಿಡಿಯಬೇಕಾಗಿರಲಿಲ್ಲ. ಹಾಗಾಗಿ ಆ ಕೂಲಿ ಉಳಿಯಿತು. ಹೋದದ್ದು ನವೆಂಬರಿನಲ್ಲಿ. ಏಪ್ರಿಲ್‌ನಿಂದ ಜೂನ್‌ವರೆಗೆ ದೋಣಿಯವರೆಲ್ಲ ಈ ಅಂಗಡಿಗಳ ಬಾಗಿಲಲ್ಲಿ ನಿಂತಿರುತ್ತಾರೆ. ಚಳಿಗಾಲದಲ್ಲಿ ಕೊಟ್ಟರೆ ಅವರಿಗೂ ಕೆಲಸ, ನಮಗೂ ನಿಧಾನವಾಗಿ ಕೂತು ಮಾಡಿದ ಹೊಲಿಗೆ.

ಅವರು ಕಿಟಕಿ ಬದಲಾಯಿಸುವ ರೀತಿಯನ್ನು ನಾನು ನಿಂತು ನೋಡಿದೆ. ಹಳೆಯದನ್ನು ಮೊದಲು ಕತ್ತರಿಸುವುದಿಲ್ಲ. ಪರದೆಯನ್ನು ಮೇಜಿನ ಮೇಲೆ ಮಟ್ಟಸವಾಗಿ ಹಾಸಿ, ಹೊಸ ಹಾಳೆಯನ್ನು ಹಳೆಯದರ ಮೇಲೇ ಎರಡೂ ಕಡೆ ಅಂಟಿರುವ ಟೇಪಿನಿಂದ ಕೂರಿಸಿ, ಸುತ್ತ ಹೊಲಿದು, ಆಮೇಲೆ ಹಿಂದಿನಿಂದ ಹಳೆಯದನ್ನು ಬಿಡಿಸುತ್ತಾರೆ. ಮೊದಲೇ ಕತ್ತರಿಸಿದರೆ ಬಟ್ಟೆಯ ಚೌಕಟ್ಟು ಸೊಟ್ಟಗಾಗಿ, ದೋಣಿಯ ಮೇಲಿನ ಪ್ರೆಸ್ ಬಟನ್ನುಗಳಿಗೆ ಪರದೆ ಸೇರುವುದೇ ಇಲ್ಲ. ಅಮ್ಮನಿಗೆ ವಿಡಿಯೋ ತೋರಿಸಿದೆ. "ಕೋಟಿನ ಲೈನಿಂಗ್ ಬದಲಾಯಿಸೋದು ಹಾಗೇ" ಅಂದಳು, ತುಂಬಾ ಖುಷಿಯಿಂದ.

ದಾರದ ವಿಷಯದಲ್ಲಿ ಆ ಹೊಲಿಯುವವರು ನನ್ನನ್ನು ಕೂರಿಸಿ ವಿವರಿಸಿದರು. ಗೋರ್ ಕಂಪನಿಯ ಟೆನಾರಾ ಅನ್ನುವ ದಾರ ಇದೆ. ನಾನ್‌ಸ್ಟಿಕ್ ತವಾದ ಮೇಲಿನ ಲೇಪದ ವಸ್ತುವಿನಿಂದಲೇ ಮಾಡಿದ್ದು, ಬಿಸಿಲಿಗೆ ಜಗ್ಗುವುದಿಲ್ಲ. ಬೆಲೆ ಪಾಲಿಯೆಸ್ಟರಿನ ಐದಾರು ಪಟ್ಟು. ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಒಂದು ಹೊದಿಕೆಗೆ ಬೇಕಾಗುವ ದಾರವೇ ಸ್ವಲ್ಪ, ದುಡ್ಡೆಲ್ಲ ಹೋಗುವುದು ಕೂಲಿಗೆ. ಅಗ್ಗದ ದಾರದಿಂದ ಹೊಲಿದರೆ ಅದೇ ಕೂಲಿಯನ್ನು ಎರಡು ಸಲ ಕೊಡುತ್ತೇವೆ. ಮನೆಯಲ್ಲಿ ಬೇರೆ ಎಲ್ಲೇ ಉಳಿಸಿ, ದಾರದಲ್ಲಿ ಉಳಿಸಬೇಡಿ.

ಕಿಟಕಿ ಹಾಳೆಯ ದಪ್ಪವನ್ನು ಇಲ್ಲಿ 20, 30, 40 ಅನ್ನುತ್ತಾರೆ, ಇಂಚಿನ ಸಾವಿರದಲ್ಲೊಂದು ಭಾಗದ ಲೆಕ್ಕ. 40 ಅಂದರೆ ಸುಮಾರು ಒಂದು ಮಿಲಿಮೀಟರ್. ಸುರುಳಿಯಲ್ಲಿ ಬರುವ ವಿನೈಲ್ ಅಗ್ಗ, ನೋಡಿದರೆ ದೂರದ ದಡ ಅಲೆಅಲೆಯಾಗಿ ಕಾಣುತ್ತದೆ. ಒತ್ತಿ ಪಾಲಿಶ್ ಮಾಡಿದ ಬಿಡಿ ಹಾಳೆ ದುಬಾರಿ, ಕನ್ನಡಕದಷ್ಟು ಸ್ಪಷ್ಟ. ಚುಕ್ಕಾಣಿಯ ಎದುರಿನ ಮೂರಕ್ಕೆ 40ರ ಪಾಲಿಶ್ ಹಾಳೆ ಹಾಕಿಸಿದೆವು. ಪಕ್ಕದ ನಾಲ್ಕನ್ನು ಬೇಸಿಗೆಯಲ್ಲಿ ಸುತ್ತಿ ಮೇಲಕ್ಕೆ ಕಟ್ಟುವುದರಿಂದ 30 ಸಾಕು, ತೀರಾ ದಪ್ಪಗಿದ್ದರೆ ಸುತ್ತಲು ಬರುವುದಿಲ್ಲ.

ಮುಂದಿನ ಮೂರಕ್ಕೆ ತಲಾ 320, ಪಕ್ಕದ ನಾಲ್ಕಕ್ಕೆ ತಲಾ 180, ಕಿಟಕಿಗೆ ಒಟ್ಟು 1,680. ಇಡೀ ಹೊದಿಕೆಗೆ ಟೆನಾರಾದಲ್ಲಿ ಮರುಹೊಲಿಗೆ 1,150. ಎರಡು ಜಿಪ್ಪಿಗೆ 180. ಬಟ್ಟೆ ತೊಳೆದು ನೀರು ತಡೆಯುವ ದ್ರಾವಣ ಹಚ್ಚಿದ್ದು ನಾವೇ, ಅದಕ್ಕೆ 70. ಒಟ್ಟು 3,080 ಡಾಲರ್. ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 616.

ಇದರಲ್ಲಿ ಪಕ್ಕದ ಎರಡು ಕಿಟಕಿಗೆ ನಾವು ಎರಡನೇ ಸಲ ದುಡ್ಡು ಕೊಟ್ಟದ್ದು. ದೋಣಿ ಕೊಂಡ ಹೊಸತರಲ್ಲಿ, 2022ರಲ್ಲಿ, ಆ ಎರಡಕ್ಕೆ 20ರ ಸುರುಳಿ ವಿನೈಲ್ ಹಾಕಿಸಿದ್ದೆವು, ತಲಾ 95. ಎರಡನೇ ಬೇಸಿಗೆ ಮುಗಿಯುವ ಮೊದಲೇ ಹಪ್ಪಳದಂತೆ ಉಬ್ಬಿಕೊಂಡಿತು. 190 ಡಾಲರ್ ನೀರಿಗೆ ಹೋಯಿತು. ಅದಕ್ಕಿಂತ ನನಗೆ ನೋವಾಗುವುದು ಮುಂದಿನ ಕಿಟಕಿಗಳ ವಿಷಯ. ಅವು ಅಷ್ಟು ಬೇಗ ಮಬ್ಬಾಗಲು ನಾನೂ ಕಾರಣ. ಅಡುಗೆಮನೆಯ ಗಾಜು ಒರೆಸುವ ದ್ರವವನ್ನೇ ವಾರವಾರ ಸಿಂಪಡಿಸಿ ತಿಕ್ಕಿದ್ದೆ. ಅದರಲ್ಲಿ ಅಮೋನಿಯ ಇರುತ್ತದೆ, ವಿನೈಲಿಗೆ ಅದು ವಿಷ. ಶುಚಿ ಮಾಡುತ್ತಿದ್ದೇನೆ ಅಂದುಕೊಂಡು ಒಂದೂವರೆ ವರ್ಷ ಹಾಳು ಮಾಡಿದೆ. ಸನ್‌ಸ್ಕ್ರೀನ್ ಹಚ್ಚಿದ ಕೈ, ಸೊಳ್ಳೆ ಓಡಿಸುವ ಸ್ಪ್ರೇ, ಇವೂ ಹಾಗೆಯೇ ಕಲೆ ಬಿಡುತ್ತವೆ. ಈಗ ಮಾಡುವುದು ಇಷ್ಟೇ. ಮೊದಲು ಸಿಹಿನೀರು ಹೊಯ್ದು ಉಪ್ಪಿನ ಹರಳು ಇಳಿಸುವುದು, ಆಮೇಲೆ ಮೆದು ಸೋಪಿನ ನೀರು, ಮೆತ್ತನೆ ಬಟ್ಟೆ. ಒಣ ಉಪ್ಪಿನ ಮೇಲೆ ಬಟ್ಟೆ ಆಡಿಸಿದರೆ ಮರಳುಕಾಗದ ಉಜ್ಜಿದ ಹಾಗೆ. ಸ್ಟೀಲ್ ಕೊಳವೆ ಬಿಸಿಲಿಗೆ ಕಾದು ವಿನೈಲಿಗೆ ತಾಗುವ ಕಡೆ ಕಂದು ಗೆರೆ ಬೀಳುತ್ತಿತ್ತು, ಕೊಳವೆಗೆ ಬಿಳಿ ಬಟ್ಟೆಯ ತೋಳು ಹೊಲಿಸಿದೆವು. ಚಳಿಯ ಬೆಳಗ್ಗೆ ವಿನೈಲ್ ಬಿಗಿದುಕೊಂಡಿರುತ್ತದೆ, ಜಿಪ್ಪನ್ನು ಬಲವಂತವಾಗಿ ಎಳೆಯದೆ ಬಿಸಿಲು ಏರುವವರೆಗೆ ಕಾಯುತ್ತೇವೆ. ಇದ್ಯಾವುದಕ್ಕೂ ದುಡ್ಡು ಬೇಡ.

ಮಿಷನ್ ಕೊಂಡು ನಾನೇ ಹೊಲಿದರೆ ಹೇಗೆ ಅಂತಲೂ ಯೋಚಿಸಿದ್ದೆ, ಅಮ್ಮನ ಮಗಳಲ್ಲವೇ. ಮನೆಯ ಮಿಷನ್ನಿನ ಸೂಜಿ ಇಷ್ಟು ಪದರ ದಾಟುವುದಿಲ್ಲ. ಸೂಜಿಯ ಜೊತೆ ಪಾದವೂ ಮುಂದೆ ನಡೆಯುವ ಭಾರದ ಮಿಷನ್ ಬೇಕು, ಅದಕ್ಕೆ ಸಾವಿರ ಡಾಲರ್ ದಾಟುತ್ತದೆ. ಹತ್ತಾರು ದೋಣಿಗೆ ಹೊಲಿಯುವವರಿಗೆ ಅದು ಬಂಡವಾಳ, ನನಗೆ ಮೂಲೆಯಲ್ಲಿ ಕೂರುವ ಸಾಮಾನು. ದಪ್ಪ ಸೂಜಿ, ಅಂಗೈಗೆ ಹಾಕುವ ಚರ್ಮದ ಪಟ್ಟಿ, ಟೆನಾರಾದ ಒಂದು ಸಣ್ಣ ಉಂಡೆ ತಂದಿಟ್ಟುಕೊಂಡೆ. ಎಲ್ಲಾದರೂ ನಾಲ್ಕು ಹೊಲಿಗೆ ಬಿಟ್ಟರೆ ಅವತ್ತೇ ಹಾಕುತ್ತೇನೆ.

ಬಟ್ಟೆಯೇ ಹೋಗಿದ್ದರೆ ಲೆಕ್ಕ ಬೇರೆ. ಅಮ್ಮ ಹೇಳಿದಂತೆ ಜಗ್ಗಿದಾಗ ಸೂಜಿ ತೂತಿನ ಗುಂಟ ಹರಿದು ಬಂದರೆ ಮರುಹೊಲಿಗೆಗೆ ಒಂದು ಡಾಲರ್ ಕೂಡ ಹಾಕಬಾರದು, ಸತ್ತ ಬಟ್ಟೆಗೆ ಬದುಕಿನ ದಾರ ವ್ಯರ್ಥ. ನಮ್ಮದಕ್ಕೂ ಆ ದಿನ ಬರುತ್ತದೆ. 8,400 ಅನ್ನು ನಾವು ತಪ್ಪಿಸಿಕೊಂಡಿಲ್ಲ, ಮುಂದೂಡಿದ್ದೇವೆ. ಹಾಗಾಗಿ 2024ರ ಜನವರಿಯಿಂದ ಬೇರೆ ಖಾತೆಗೆ ತಿಂಗಳಿಗೆ 140 ಡಾಲರ್ ಹೋಗುತ್ತಿದೆ. 2028ರ ಡಿಸೆಂಬರಿಗೆ ಅರವತ್ತು ತಿಂಗಳು, ಸರಿಯಾಗಿ 8,400. ಆಗ ಬೆಲೆ ಏರಿರುತ್ತದೆ, ಗೊತ್ತು. ಬಡ್ಡಿ ಕಟ್ಟುವ ಬದಲು ಅಲ್ಪಸ್ವಲ್ಪ ಬಡ್ಡಿ ಪಡೆಯುತ್ತಾ ಆ ದಿನಕ್ಕೆ ಹೋಗುತ್ತಿದ್ದೇವೆ. ವಿಮೆಯವರನ್ನು ಇದಕ್ಕೆ ನೆಚ್ಚಿಕೊಳ್ಳುವ ಹಾಗಿಲ್ಲ. ಸವೆದು ಹಾಳಾದದ್ದಕ್ಕೆ ವಿಮೆ ಕೊಡುವುದಿಲ್ಲ.

ಅಕ್ಟೋಬರ್ ಕೊನೆಗೆ ಪರದೆಗಳನ್ನು ಬಿಚ್ಚಿ ಮನೆಗೆ ತರುತ್ತೇವೆ. ವಿನೈಲನ್ನು ಮಡಿಸಬಾರದು, ಮಡಿಸಿದ ಗೆರೆ ಹೋಗುವುದಿಲ್ಲ. ನಡುವೆ ಮೆತ್ತನೆ ಬಟ್ಟೆ ಹಾಕಿ ಸಡಿಲವಾಗಿ ಸುತ್ತಬೇಕು. ಇದನ್ನು ಹೇಳಿದ್ದೇ ಅಮ್ಮ ಊರಿಂದ ಬರುವವರೊಬ್ಬರ ಕೈಲಿ ತನ್ನ ಹಳೆಯ ನೂಲಿನ ಸೀರೆ ನಾಲ್ಕು ಕಳಿಸಿದಳು, ತೊಳೆದು ತೊಳೆದು ಹತ್ತಿಯಷ್ಟೇ ಮೆತ್ತಗಾದವು. ಹೋದ ಸಲ ನಡುಮನೆಯಲ್ಲಿ ಸೀರೆ ಹಾಸಿ, ಮೇಲೆ ಪರದೆ ಇಟ್ಟು ಸುತ್ತುವಾಗ, ಎದುರಿನ ದೊಡ್ಡ ಕಿಟಕಿಯೊಳಗಿಂದ ಸೀರೆಯ ಹಸಿರು ಅಂಚು ಕಂಡಿತು. ಒಂದೊಂದು ಎಳೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು.