ಮುಂಗೈ ಮೇಲಿನ ಲೆಕ್ಕ

ಹುಮನಾಬಾದ,
ಸೋಮವಾರ ನಸುಕಿನಲ್ಲಿ

ಮುದ್ದಿನ ಮೊಮ್ಮಗಳಿಗೆ ಮುತ್ಯಾನ ಆಶೀರ್ವಾದ.

ನಿನ್ನೆ ರಾತ್ರಿ ಬಸವಕಲ್ಯಾಣದಿಂದ ನಿಮ್ಮವ್ವನ ಫೋನ್ ಬಂದಿತ್ತು. ದನಿಯಲ್ಲೇ ಗೊತ್ತಾಯಿತು, ಊಟ ಮಾಡಿರಲಿಲ್ಲ. ‘ಲಿಂಗ ಕಟ್ಟಿದ ಮೈ ಅದು. ಅದರ ಮ್ಯಾಲ ಹಚ್ಚಿ ಹಾಕಿಸ್ಕೋತಾಳಂತ. ನೀವಾರ ಹೇಳ್ರಿ ಅಪ್ಪಾ, ನನ್ನ ಮಾತು ಕೇಳವಲ್ಲಳು’ ಎಂದಳು. ಹೇಳ್ತೀನಿ ಬಿಡು ಅಂದೆ. ಏನು ಹೇಳುತ್ತೀರಿ ಅಂತ ಅವಳು ಕೇಳಲಿಲ್ಲ. ಹೇಳಬೇಕಾದದ್ದನ್ನು ಈ ಕಾಗದದಲ್ಲಿ ಬರೆಯುತ್ತಿದ್ದೇನೆ. ನೀನು ಓದಿಕೊಂಡ ಮೇಲೆ ಅವಳಿಗೂ ಓದಿ ಹೇಳು.

ನೀನು ಕಳಿಸಿದ ಮೂರೂ ಚಿತ್ರ ನೋಡಿದೆ. ಫೋನಿನ ಗಾಜಿನ ಮೇಲೆ ಗಣಿತ ಓದುವುದು ನನಗೆ ಒಗ್ಗುವುದಿಲ್ಲ, ಅದಕ್ಕೇ ನೋಟುಬುಕ್ಕಿನಲ್ಲಿ ಮೂರನ್ನೂ ಪೆನ್ಸಿಲಿನಿಂದ ಬರೆದುಕೊಂಡೆ. ಆಯ್ಲರನ ಸಮೀಕರಣ ಒಂದು, ಶ್ರೋಡಿಂಗರನದು ಒಂದು, ಬಂಗಾರದ ಅನುಪಾತದ ಸುರುಳಿ ಒಂದು. ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನ ಮೊಮ್ಮಗಳು ಮೈಮೇಲೆ ಸಮೀಕರಣ ಬರೆಸಿಕೊಳ್ಳುತ್ತೇನೆ ಅಂದಾಗ ನನಗೆ ಏನಾಗುತ್ತದೆ ಎಂದು ಗೊತ್ತಿದ್ದೇ ನೀನು ಕಳಿಸಿದ್ದೀ. ಕಣ್ಣು ತುಂಬಿತು ತಾಯಿ. ಹಾಗಂತ ಮೂರಕ್ಕೂ ಸುಮ್ಮನೆ ಹೂಂ ಅನ್ನಲಾರೆ.

ಆಯ್ಲರನದು ಚೆಂದ. ಸೊನ್ನೆ, ಒಂದು, ಪೈ, ಲಾಗರಿದಮ್ಮಿನ ಆಧಾರ ಸಂಖ್ಯೆ, ಮೈನಸ್ ಒಂದರ ವರ್ಗಮೂಲ, ಐದೂ ಒಂದೇ ಸಾಲಿನಲ್ಲಿ ಕೂತಿವೆ. ಆದರೆ ಕಡಗಂಚಿಯ ವಿಶ್ವವಿದ್ಯಾಲಯದಿಂದ ಕಲಬುರಗಿಗೆ ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಮುದುಕಿ ನಿನ್ನ ಕೈ ಹಿಡಿದು ‘ಇದೇನವಾ ತಂಗಿ?’ ಅಂತ ಕೇಳೇ ಕೇಳುತ್ತಾಳೆ. ನಮ್ಮ ಕಡೆ ಯಾರೂ ಕೇಳದೆ ಬಿಡುವುದಿಲ್ಲ. ಆಗ ಏನು ಹೇಳುತ್ತೀ? ‘ನಿಮಗ ತಿಳಿಯಂಗಿಲ್ಲ ಬಿಡ್ರಿ’ ಎಂದರೆ ನಿನ್ನ ಹಚ್ಚೆ ನಿಮ್ಮಿಬ್ಬರ ನಡುವೆ ಗೋಡೆ ಎಬ್ಬಿಸಿದ ಹಾಗೆ. ‘ಗಾಣದ ಎತ್ತು ಒಂದು ಎಂಬಲ್ಲಿಂದ ಹೊರಟು ಅರ್ಧ ಸುತ್ತು ಹಾಕಿದರೆ ನೇರ ಎದುರಿಗೆ, ಮೈನಸ್ ಒಂದಕ್ಕೆ ಬಂದು ನಿಲ್ಲುತ್ತದೆ, ಅದಕ್ಕೆ ಒಂದು ಕೂಡಿಸಿದರೆ ಸೊನ್ನೆ’ ಎಂದು ಬೆರಳಲ್ಲಿ ಗೆರೆ ಎಳೆದು ತೋರಿಸುವಷ್ಟು ಅದು ನಿನ್ನದಾಗಿದ್ದರೆ ಧಾರಾಳವಾಗಿ ಬರೆಸಿಕೋ.

ಶ್ರೋಡಿಂಗರನ ಸಮೀಕರಣ ಆಸ್ಟ್ರಿಯಾದ ಆಲ್ಪ್‌ಬಾಖ್ ಎಂಬ ಹಳ್ಳಿಯಲ್ಲಿ ಅವನ ಸಮಾಧಿಯ ಮೇಲೂ ಇದೆ. ನೀನು ಕಳಿಸಿದ್ದು ಅದೇ ರೂಪ: ಎಡಗಡೆ ಸೈ ಎಂಬ ಅಕ್ಷರ, ಅದರ ನೆತ್ತಿಯ ಮೇಲೆ ಒಂದು ಚುಕ್ಕೆ. ಕಾಲ ಸರಿದಂತೆ ಅಲೆ ಹೇಗೆ ಬದಲಾಗುತ್ತದೆ ಎಂಬುದೆಲ್ಲ ಆ ಚುಕ್ಕೆಯಲ್ಲಿದೆ. ಕಬ್ಬಿಣದ ಮೇಲೆ, ಕಲ್ಲಿನ ಮೇಲೆ ಅದು ಚುಕ್ಕೆಯಾಗಿಯೇ ಉಳಿದೀತು. ನಿನ್ನ ಕೈಮೇಲೆ ಹತ್ತು ವರ್ಷದ ನಂತರ ಅದನ್ನು ನೋಡಿದವರು ಮಚ್ಚೆ ಅಂದುಕೊಳ್ಳುತ್ತಾರೆ. ಪ್ಲಾಂಕನ ಸ್ಥಿರಾಂಕದ ಅಕ್ಷರಕ್ಕೆ ಇರುವ ಸಣ್ಣ ಅಡ್ಡಗೆರೆ ಮಾಸಿದರಂತೂ ಬೆಲೆ ಆರುಪಟ್ಟು ಮೀರಿ ಬದಲಾಗಿಬಿಡುತ್ತದೆ. ಎರಡು ಪೈಯಿಂದ ಭಾಗಿಸಿದ್ದು ಹೋಯಿತಲ್ಲ. ನೀನು ಭೌತಶಾಸ್ತ್ರದವಳು, ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಸುರುಳಿಯ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ. ಯಾಕೋಬ್ ಬರ್ನೂಲಿ ಎಂಬ ಗಣಿತಜ್ಞ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿದ್ದ. ಇದೇ ಜಾತಿಯ ಸುರುಳಿಗೆ, ಲಾಗರಿದಮ್ಮಿನ ಸುರುಳಿಗೆ, ಅವನು ಮನಸೋತಿದ್ದ. ಬಸವನಹುಳದ ಚಿಪ್ಪು ನೋಡು: ಒಂದೊಂದು ಸುತ್ತಿಗೂ ಅಗಲ ಅದೇ ಪ್ರಮಾಣದಲ್ಲಿ ಹಿಗ್ಗುತ್ತ ಹೋಗುತ್ತದೆ, ಎಷ್ಟು ಹಿಗ್ಗಿದರೂ ಆಕಾರ ಬದಲಾಗುವುದಿಲ್ಲ. ತನ್ನ ಸಮಾಧಿಯ ಮೇಲೆ ಅದನ್ನೇ ಕೆತ್ತಿಸಬೇಕು ಎಂಬುದು ಅವನ ಆಸೆ. 1705ರಲ್ಲಿ ಅವನು ತೀರಿಕೊಂಡ. ಕಲ್ಲುಕುಟಿಗ ಶ್ರದ್ಧೆಯಿಂದಲೇ ಸುರುಳಿ ಕೆತ್ತಿದ, ಆದರೆ ಕೆತ್ತಿದ್ದು ಆರ್ಕಿಮಿಡೀಸನ ಸುರುಳಿ. ಬಾವಿಯ ಹಗ್ಗವನ್ನು ನೆಲದ ಮೇಲೆ ಸುತ್ತಿಟ್ಟಾಗ ಸುತ್ತಿನಿಂದ ಸುತ್ತಿಗೆ ಅಂತರ ಒಂದೇ ಇರುತ್ತದಲ್ಲ, ಅದು. ಬರ್ನೂಲಿ ಇಡೀ ಬದುಕಿನಲ್ಲಿ ಪ್ರೀತಿಸಿದ್ದು ಒಂದು, ಅವನ ತಲೆಯ ಮೇಲೆ ಇವತ್ತಿಗೂ ಇರುವುದು ಇನ್ನೊಂದು. ಕುಟಿಗನ ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಪಕ್ಕದಲ್ಲಿ ನಿಂತು ‘ಹೀಗಲ್ಲಪ್ಪಾ, ಹೀಗೆ’ ಎಂದು ಹೇಳಬೇಕಾದವನು ಮಣ್ಣಿನೊಳಗಿದ್ದ.

ನಾನು ಬದುಕಿದ್ದೂ ಪಕ್ಕದಲ್ಲಿ ನಿಲ್ಲಲಿಲ್ಲ. ಇದನ್ನು ನಿಮ್ಮವ್ವನಿಗೂ ಹೇಳಿಲ್ಲ. ನೌಕರಿಯ ಮೊದಲ ವರ್ಷಗಳಲ್ಲಿ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಗೋಡೆಯ ಮೇಲೆ ಸೂತ್ರಗಳನ್ನು ಬರೆಸಬೇಕು ಎಂದು ಹಟ ಮಾಡಿದವನು ನಾನೇ. ಬೋರ್ಡು ಬರೆಯುವ ಪೇಂಟರಿಗೆ ಚೀಟಿ ಕೊಟ್ಟು ಒಂದು ಮದುವೆಗೆಂದು ಹೊರಟುಹೋದೆ. ಗೋಳದ ಘನಫಲದಲ್ಲಿ ಮೇಲೆ ನಾಲ್ಕು, ಕೆಳಗೆ ಮೂರು ಇರಬೇಕಾದಲ್ಲಿ ಆತ ಮೇಲೆ ಮೂರು, ಕೆಳಗೆ ನಾಲ್ಕು ಬರೆದಿದ್ದ. ಬಂದವನು ನೋಡಲಿಲ್ಲ. ಬಣ್ಣ ಚೆನ್ನಾಗಿ ಬಂದಿದೆ ಅಂದುಕೊಂಡೆ, ಅಷ್ಟೆ. ಎರಡನೇ ವರ್ಷ ಎಸ್ಸೆಸ್ಸೆಲ್ಸಿ ಬರೆದು ಬಂದ ಹುಡುಗನೊಬ್ಬ ‘ಗ್ವಾಡಿ ಮ್ಯಾಲಿನ ಸೂತ್ರಾನೇ ಬರದೀನ್ರಿ ಸರ್’ ಅಂದಾಗ ಓಡಿಹೋಗಿ ನೋಡಿದೆ. ಅವತ್ತೇ ಏಣಿ ಹಾಕಿ ನನ್ನ ಕೈಯಿಂದಲೇ ತಿದ್ದಿದೆ. ಹುಡುಗನ ಅಂಕ ತಿದ್ದಲಾಗಲಿಲ್ಲ. ಗೋಡೆಗಾದರೆ ಸುಣ್ಣ ಬಳಿಯಬಹುದು ತಾಯಿ.

ಕಲ್ಲಿನಲ್ಲಿ ಬರೆದದ್ದು ನೋಡಬೇಕೆಂದರೆ ನಮ್ಮ ಹುಮನಾಬಾದ ತಾಲೂಕಿನಲ್ಲೇ ಜಲಸಂಗ್ವಿ ಇದೆ. ಚಿಕ್ಕವಳಿದ್ದಾಗ ಒಮ್ಮೆ ಹೆಗಲ ಮೇಲೆ ಕೂಡಿಸಿಕೊಂಡು ಹೋಗಿದ್ದೆ, ನಿನಗೆ ನೆನಪಿರಲಾರದು. ಈಶ್ವರನ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ನಿಂತಿದ್ದಾಳೆ. ಮೈ ಬಳುಕಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಅವಳ ಕೈಯಿಂದ ಮೂಡುತ್ತಿರುವ ಅಕ್ಷರಗಳು ನಿಜವಾದ ಅಕ್ಷರಗಳೇ, ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನನ್ನು ಹೊಗಳುವ ಸಂಸ್ಕೃತ ಶ್ಲೋಕ. ಅವನು 1076ರಿಂದ 1126ರವರೆಗೆ ನಿಮ್ಮ ಬಸವಕಲ್ಯಾಣದಿಂದ ಆಳಿದವನು. ಅವನ ಕಾಲದಲ್ಲೇ, 1114ರಲ್ಲಿ, ಲೀಲಾವತಿ ಬರೆದ ಭಾಸ್ಕರಾಚಾರ್ಯ ಹುಟ್ಟಿದ. ಆ ಶಿಲಾಬಾಲಿಕೆಯ ಮುಂದೆ ನಿಂತಾಗಲೆಲ್ಲ ನನ್ನ ಕಣ್ಣು ಹೋಗುವುದು ಅವಳ ಕೈಗೆ. ಆತುರವಿಲ್ಲದ ಕೈ. ಶಾಸನ ಎಂದರೆ ಒಬ್ಬರ ಕೆಲಸವಲ್ಲ. ಪಾಠ ರಚಿಸಿದ ಕವಿ ಬೇರೆ, ಅದನ್ನು ಬರೆದುಕೊಟ್ಟವನು ಬೇರೆ, ಉಳಿ ಹಿಡಿದು ಕಂಡರಿಸಿದ ರೂವಾರಿ ಬೇರೆ. ಎಷ್ಟೋ ಶಾಸನಗಳ ಕೊನೆಗೆ ಈ ಹೆಸರುಗಳೂ ಇರುತ್ತವೆ. ನಿನ್ನ ಹಚ್ಚೆಗೂ ಹಾಗೆಯೇ ಆಗಲಿ. ನಿನಗೆ ಹಚ್ಚೆ ಹಾಕಲಿರುವ ಹೈದರಾಬಾದಿನ ಹುಡುಗ ರೂವಾರಿ ಮಾತ್ರ. ಬರೆದುಕೊಡಬೇಕಾದವಳು ನೀನು, ಇಂಟರ್ನೆಟ್ಟಿನಿಂದ ಇಳಿಸಿದ ಚಿತ್ರವಲ್ಲ, ನಿನ್ನ ಕೈಬರಹ. ಸೂಜಿ ಮುಟ್ಟುವ ಮುಂಚೆ ಕೈಮೇಲೆ ಅಚ್ಚು ಒತ್ತುತ್ತಾರಂತೆ. ಆ ಅಚ್ಚಿನ ಫೋಟೋ ನನಗೆ ಕಳಿಸು. ನಾನು ಒಂದೊಂದು ಚಿಹ್ನೆ ನೋಡಿ ಸರಿ ಅನ್ನುವವರೆಗೆ ಅವನು ಕಾಯಲಿ.

ಮಸಿ ಚರ್ಮದೊಳಗೆ ಹೇಗೆ ಉಳಿಯುತ್ತದೆ ಎಂದು ಗೊತ್ತೇ? ಮೇಲ್ಪದರ ದಿನವೂ ಉದುರುತ್ತಿರುತ್ತದೆ. ಅದರ ಕೆಳಗಿನ ಪದರಕ್ಕೆ ಸೂಜಿ ಮಸಿ ಮುಟ್ಟಿಸುತ್ತದೆ. ಹೊರಗಿನಿಂದ ಬಂದದ್ದನ್ನು ನುಂಗುವ ಕಾವಲಿನ ಕೋಶಗಳು ಆ ಕಣಗಳನ್ನು ನುಂಗುತ್ತವೆ, ಜೀರ್ಣಿಸಿಕೊಳ್ಳಲಾರದೆ ಹೊತ್ತು ಕೂರುತ್ತವೆ. ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳಲ್ಲಿ ಇದನ್ನು ನೋಡಿದರು: ಒಂದು ಕೋಶ ಸತ್ತರೆ ಅದು ಬಿಟ್ಟ ಮಸಿಯನ್ನು ಹೊಸ ಕೋಶ ನುಂಗಿಕೊಳ್ಳುತ್ತದೆ, ಅದು ಸತ್ತರೆ ಮತ್ತೊಂದು. ನಮ್ಮ ತಾಳೆಗರಿಗಳೂ ಹೀಗೆಯೇ ಉಳಿದವು. ಹುಳ ಹಿಡಿಯುವ ಮೊದಲು ಯಾರೋ ಒಬ್ಬರು ಪ್ರತಿ ಮಾಡಿದರು. ಪ್ರತಿ ಮಾಡುತ್ತ ಮಾಡುತ್ತ ಅಕ್ಷರ ಸ್ವಲ್ಪ ಸ್ವಲ್ಪ ಮಸುಕಾಗುವುದೂ ಉಂಟು. ಅದಕ್ಕೇ ಹೇಳುವುದು, ಘಾತದ ಸಣ್ಣ ಅಂಕಿಗಳನ್ನು ಒತ್ತೊತ್ತಾಗಿ ಬರೆಸಬೇಡ, ಗೆರೆಗಳ ನಡುವೆ ಜಾಗ ಬಿಡು. ಜಾತ್ರೆಯ ದಾರಿಬದಿಯಲ್ಲಂತೂ ಕೂರಲೇಬೇಡ. ಸೂಜಿಯ ಪೊಟ್ಟಣವನ್ನು ನಿನ್ನೆದುರಿಗೇ ಒಡೆಯಬೇಕು. ಒಬ್ಬರ ರಕ್ತ ತಾಗಿದ ಸೂಜಿಯಿಂದ ಇನ್ನೊಬ್ಬರಿಗೆ ಕಾಮಾಲೆಯ ವೈರಸ್ಸು ಅಂಟುತ್ತದೆ.

ನಮ್ಮ ನೆಲದ್ದೇ ಬೇಕು ಅನ್ನಿಸಿದರೆ ಒಂದು ಸಂಖ್ಯೆ ಕೊಡುತ್ತೇನೆ. ಮಳಖೇಡದಿಂದ ಆಳಿದ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದರಲ್ಲಿ ಕೆಲವು ಗುಣಾಕಾರಗಳ ಉತ್ತರವನ್ನು ಅವನು ಕೊರಳ ಹಾರಕ್ಕೆ ಹೋಲಿಸುತ್ತಾನೆ. 152207ನ್ನು 73ರಿಂದ ಗುಣಿಸು: ಎಂಟು ಒಂದುಗಳ ಸಾಲು. 27994681ನ್ನು 441ರಿಂದ ಗುಣಿಸು: ೧೨೩೪೫೬೫೪೩೨೧. ಒಂದರಿಂದ ಆರಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುತ್ತದೆ. ಕನ್ನಡ ಅಂಕಿಗಳಲ್ಲಿ ಮಣಿಕಟ್ಟಿನ ಸುತ್ತ ಬಳೆಯ ಹಾಗೆ ಬರೆಸಿದರೆ ಎಷ್ಟು ಚೆಂದ ಒಪ್ಪೀತು! ಯಾವ ಕಡೆಯಿಂದ ಓದಿದರೂ ಒಂದೇ. ಆರು ಒಂದುಗಳ ಸಂಖ್ಯೆಯ ವರ್ಗವೂ ಅದೇ. ಕಾಗದದ ಮೇಲೆ ಗುಣಿಸಿ ನೋಡು, ಕೂಡುವ ಸಾಲುಗಳಲ್ಲೇ ಆ ಏರಿಳಿತ ಕಾಣುತ್ತದೆ. ಆದರೆ ಅಷ್ಟು ದೊಡ್ಡ ಆಚಾರ್ಯನೂ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದು ತಪ್ಪು ಬರೆದುಬಿಟ್ಟ. ಸಾವಿರ ವರ್ಷ ದಾಟಿದರೂ ಆ ಮಾತು ಅವನ ಪುಸ್ತಕದಲ್ಲಿ ಹಾಗೆಯೇ ಇದೆ.

ಇನ್ನು ನಿಮ್ಮವ್ವನ ಮಾತಿಗೆ ಬರುತ್ತೇನೆ. ಅವಳು ಮರೆತಿದ್ದಾಳೆ. ನಮ್ಮವ್ವ, ಅವಳ ಆಯಿ, ಲಿಂಗ ಕಟ್ಟಿದ ಮೈಯವಳೇ. ದಿನವೂ ಪೂಜೆ ಆಗದೆ ಬಾಯಿಗೆ ನೀರು ಹಾಕಿದವಳಲ್ಲ. ಎರಡೂ ಮುಂಗೈ ಮೇಲೆ ಹಚ್ಚೆ ಇತ್ತು. ಸುಗ್ಗಿ ಮುಗಿದ ಮೇಲೆ ಮನೆಬಾಗಿಲಿಗೆ ಬಂದ ಕೊರವರ ಹೆಣ್ಣುಮಗಳು ಹಾಕಿದ್ದಂತೆ. ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಅರೆದು, ಸೂಜಿಗಳನ್ನು ಒಟ್ಟಿಗೆ ಕಟ್ಟಿ, ನೋವು ಮರೆಯಲಿ ಎಂದು ಹಾಡುತ್ತ ಚುಚ್ಚಿದಳಂತೆ. ಕೂಲಿ ಒಂದು ಮೊರ ಜೋಳ. ಎಡಗೈಯಲ್ಲಿ ತೊಟ್ಟಿಲು, ಚೇಳು. ಬಲಗೈಯಲ್ಲಿ ಬರೀ ಚುಕ್ಕೆಗಳು, ರಂಗೋಲಿಗೆ ಇಟ್ಟ ಹಾಗೆ, ಸಾಲಿಗೆ ಐದರಂತೆ ಐದು ಸಾಲು. ಅವಳು ರೊಟ್ಟಿ ಬಡಿಯುವಾಗ ನಾನು ಮಗ್ಗುಲಲ್ಲಿ ಕೂತು, ಹಿಟ್ಟು ಮೆತ್ತಿದ ಆ ಕೈ ನಿಂತಾಗೊಮ್ಮೆ ಬೆರಳಿಟ್ಟು ಎಣಿಸುತ್ತಿದ್ದೆ. ಇಪ್ಪತ್ತೈದರ ತನಕ ಎಣಿಕೆ ಕಲಿತದ್ದು ಅಲ್ಲಿ.

ಮುಂದೆ ಕಲಬುರಗಿಯಲ್ಲಿ ಕಾಲೇಜು ಓದುವಾಗ ಮೇಷ್ಟ್ರು ಹಲಗೆಯ ಮೇಲೆ ಬರೆದರು: ಒಂದರಿಂದ ಹಿಡಿದು ಬೆಸ ಸಂಖ್ಯೆಗಳನ್ನು ಕೂಡುತ್ತ ಹೋದರೆ ಪ್ರತಿ ಸಲವೂ ಒಂದು ವರ್ಗಸಂಖ್ಯೆ ಬರುತ್ತದೆ. ಎಲ್ಲರೂ ಸಾಧನೆ ಬರೆದುಕೊಳ್ಳುತ್ತಿದ್ದರು. ನನಗೆ ಅವ್ವನ ಕೈ ಕಂಡಿತು. ನೀನೂ ಈಗ ಪೆನ್ನು ತಗೊ, ಐದು ಸಾಲು ಚುಕ್ಕೆ ಇಡು. ಮೂಲೆಯ ಚುಕ್ಕೆ ಒಂದು. ಅದನ್ನು ಬಳಸಿ ಮೂರು, ಅದನ್ನು ಬಳಸಿ ಐದು, ಮತ್ತೆ ಏಳು, ಕೊನೆಗೆ ಒಂಬತ್ತು. ಕೂಡಿದರೆ ಇಪ್ಪತ್ತೈದು. ಈಗ ಕೊನೆಯ ಸುತ್ತನ್ನು ಬೆರಳಿನಿಂದ ಮುಚ್ಚು: ಮುಚ್ಚಿದ್ದು ಒಂಬತ್ತು, ಅಂದರೆ ಮೂರರ ವರ್ಗ, ಉಳಿದದ್ದು ಹದಿನಾರು, ನಾಲ್ಕರ ವರ್ಗ, ಒಟ್ಟು ಐದರ ವರ್ಗ. ಮೂರು, ನಾಲ್ಕು, ಐದು: ಗೌಂಡಿ ಗೋಡೆಯ ಮೂಲೆ ಹಿಡಿಯುವಾಗ ಹಗ್ಗದಲ್ಲಿ ಅಳೆಯುವ ತ್ರಿಕೋನ ಅದೇ. ಹೆಬ್ಬೆಟ್ಟು ಒತ್ತುತ್ತಿದ್ದ ನಮ್ಮವ್ವ ಅದನ್ನು ಎಪ್ಪತ್ತು ವರ್ಷ ಮುಂಗೈ ಮೇಲೆ ಹೊತ್ತು ತಿರುಗಿದಳು. ಅವಳಿಗೆ ತೋರಿಸಿ ಹೇಳೋಣ ಎಂದು ರಜೆಗೆ ಊರಿಗೆ ಬಂದು ಕೈ ಹಿಡಿದೆ. ಮುಚ್ಚಿ, ತೆಗೆದು, ಎಣಿಸಿ ತೋರಿಸಿದೆ. ಸುಮ್ಮನೆ ಕೇಳಿದಳು. ಆಮೇಲೆ ‘ಆ ಹೆಣಮಗಳಿಗಿ ಗೊತ್ತಿತ್ತೇನೋ’ ಅಂದಳು.

ಈ ಚುಕ್ಕೆಗಳನ್ನೇ ಹಾಕಿಸಿಕೋ ಎಂದು ನಾನು ಹೇಳುತ್ತಿಲ್ಲ. ಮೈ ನಿನ್ನದು, ಓದು ನಿನ್ನದು. ಯಾವುದನ್ನು ಆರಿಸಿದರೂ ಮೊದಲು ಮದರಂಗಿಯಲ್ಲಿ ಬರೆದುಕೊಂಡು ನೋಡು. ಅದು ಮಾಸಿದಾಗ ಕೈ ಬರಿದಾಯಿತು ಅನ್ನಿಸಿದರೆ ಮತ್ತೆ ಬರೆದುಕೋ. ಎರಡು ಮೂರು ಸಲ ಹಾಗೆ ಅನ್ನಿಸಿದ ಮೇಲೆ ಸೂಜಿಯ ಮಾತು.

ಮುಂದಿನ ಭಾನುವಾರ ಕಲಬುರಗಿಯಿಂದ ರೈಲು ಹತ್ತಿ ಬಾ. ನಿಮ್ಮವ್ವನನ್ನೂ ಕಲ್ಯಾಣದಿಂದ ಕರೆಸುತ್ತೇನೆ. ಮೂವರೂ ಜಲಸಂಗ್ವಿಗೆ ಹೋಗಿ ಆ ಹುಡುಗಿಯ ಕೈ ನೋಡಿಕೊಂಡು ಬರೋಣ. ಬರುವಾಗ ನಿನ್ನ ಕೈಬರಹದಲ್ಲಿ ಬರೆದದ್ದು ತಾ. ಪೆನ್ಸಿಲ್ ಕೆತ್ತಿ ಇಟ್ಟಿದ್ದೇನೆ. ನಮ್ಮವ್ವನ ಒಂದು ಫೋಟೋ ಟ್ರಂಕಿನಲ್ಲಿದೆ. ಮಡಿಲಲ್ಲಿ ನಿಮ್ಮವ್ವ ಕೂತಿದ್ದಾಳೆ, ಎರಡು ವರ್ಷದ ಕೂಸು. ಅವ್ವನ ಬಲ ಮುಂಗೈ ಮುಂದೆ ಬಂದಿದೆ. ಭೂತಗನ್ನಡಿ ಹಿಡಿದರೆ ಚುಕ್ಕೆಗಳು ಎಣಿಕೆಗೆ ಸಿಗುತ್ತವೆ. ಅದನ್ನು ನಿಮ್ಮವ್ವನ ಕೈಗೆ ನೀನೇ ಕೊಡು.

ಇತಿ,
ನಿನ್ನ ಮುತ್ಯಾ