ಕಳಿಸಿದ ಫೈಲು ಕೆಟ್ಟಿದ್ದೆಲ್ಲಿ?

ಪ್ರಶ್ನೆ: ರಾಮಾಪುರದಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದೇನೆ. ಮೈಸೂರಿನ ಲ್ಯಾಬ್‌ಗೆ ಎಫ್‌ಟಿಪಿಯಲ್ಲಿ ಕಳಿಸುವ ಮದುವೆ ಆಲ್ಬಂ ಜಿಪ್ ಫೈಲು ಅಲ್ಲಿ ತೆರೆಯುವುದೇ ಇಲ್ಲ. ನೆಟ್‌ವರ್ಕ್ ದೋಷವೇ ಸರ್?

ಉತ್ತರ: ನೆಟ್‌ವರ್ಕನ್ನು ಬೈಯುವ ಮುಂಚೆ ಎರಡೂ ಕಡೆ ಫೈಲಿನ ಗಾತ್ರವನ್ನು ಬೈಟ್‌ಗಳಲ್ಲಿ ನೋಡಿ. ವ್ಯತ್ಯಾಸವಿದ್ದರೆ ಕರೆಂಟು ಹೋಗಿ ಅರ್ಧಕ್ಕೆ ನಿಂತಿರಬೇಕು, ಇಲ್ಲವೇ ಎಫ್‌ಟಿಪಿ ‘ಆಸ್ಕಿ’ ಮೋಡ್‌ನಲ್ಲಿರಬೇಕು, ‘ಬೈನರಿ’ಗೆ ಬದಲಿಸಿ. ಗಾತ್ರ ಸರಿಯಿದ್ದರೆ ಸೆವೆನ್-ಜಿಪ್‌ನಲ್ಲಿ ಎಸ್‌ಎಚ್‌ಎ-256 ಎಂಬ ಫೈಲಿನ ‘ಬೆರಳಚ್ಚು’ ತೆಗೆದು, ಆ 64 ಅಕ್ಷರಗಳನ್ನು ಲ್ಯಾಬಿನವರ ಬಳಿ ತಾಳೆ ನೋಡಿ. ತಾಳೆಯಾದರೆ ನೀವು ಮಾಡಿದ ಜಿಪ್‌ನಲ್ಲೇ ದೋಷವಿರಬೇಕು. ಆಗದಿದ್ದರೆ ದಾರಿಯಲ್ಲೇ ಕೆಟ್ಟಿರಬಹುದು: ಎಫ್‌ಟಿಪಿ ಬಳಸುವ ಟಿಸಿಪಿಯ ತಪಾಸಣೆ ಬರೀ 16 ಬಿಟ್‌ನದು, ಅಪರೂಪಕ್ಕೆ ತಪ್ಪು ನುಸುಳುತ್ತದೆ. ನಿಮ್ಮ ಕಂಪ್ಯೂಟರಿನಲ್ಲೇ ಎರಡು ಸಲ ತೆಗೆದಾಗ ಆ ಅಕ್ಷರಗಳು ಬೇರೆ ಬೇರೆ ಬಂದರೆ ರ‍್ಯಾಮ್ ಮೇಲೆ ಅನುಮಾನಪಡಿ, ಮೆಮ್‌ಟೆಸ್ಟ್ ಓಡಿಸಿ. ಲ್ಯಾಬಿನಲ್ಲಿ ಫೈಲು ತೆರೆಯುವವರೆಗೆ ಕ್ಯಾಮೆರಾದ ಮೆಮೊರಿ ಕಾರ್ಡ್ ಮಾತ್ರ ಫಾರ್ಮ್ಯಾಟ್ ಮಾಡಬೇಡಿ.